ಪುಟ್ಟಿಯ ಮನೆಯ ಬಾಗಿಲುಗಳು

ಮಾರ್ಚ್ 4, ಮಂಗಳವಾರ

ಬೆಳಗ್ಗೆ ಮೂರು ಪಾಠ. ಬ್ಯಾಂಕಿನ ಕ್ಯಾಷಿಯರ್ ಇವತ್ತೂ ಕ್ಲಚ್ ಮೇಲಿಂದ ಕಾಲು ತೆಗೆಯಲಿಲ್ಲ. ಹೇಳಿ ಹೇಳಿ ಗಂಟಲು ಒಣಗಿತು. ಹಲ್ಲಿನ ಡಾಕ್ಟರಮ್ಮನಿಗೆ ರಿವರ್ಸ್ ಬರುವುದಿಲ್ಲ, ಆದರೆ ತಪ್ಪು ನನ್ನ ಕಾರಿನದಂತೆ. ಮೂರನೆಯವರು ಬೇಕರಿಯಮ್ಮ. ಅರವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿಯುವ ಹುಮ್ಮಸ್ಸು. ಬ್ರೆಡ್ ತಲುಪಿಸಲು ವ್ಯಾನ್ ಕೊಂಡೇಬಿಟ್ಟಿದ್ದಾರೆ, ಲೈಸೆನ್ಸ್ ಇನ್ನೂ ಇಲ್ಲ. ಮೂರನೇ ಗೇರ್ ಬಿಟ್ಟು ಮೇಲಕ್ಕೆ ಹೋಗುವುದಿಲ್ಲ.

"ಮೂರರಲ್ಲೇ ಚೆನ್ನಾಗಿ ಓಡ್ತಿದೆಯಲ್ಲ ಮಾಸ್ಟ್ರೇ. ಪಾಪ, ಅದಕ್ಕೆ ಯಾಕೆ ತೊಂದರೆ ಕೊಡೋದು?"

ಹಿಂದಿನ ಲಾರಿಯವನು ಹಾರ್ನ್ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ಈಯಮ್ಮ ಅವನಿಗೆ ಕನ್ನಡಿಯಲ್ಲಿ ನಮಸ್ಕಾರ ಹಾಕಿದರು.

ಸಂಜೆ ಅಣ್ಣನ ಫೋನು. ನಾಳೆ ಕಾರು ತಗೊಂಡು ವರ್ಕ್‌ಶಾಪಿಗೆ ಬಾ ಎಂದ. ಒಂದು ಸ್ಟೂಲ್ ತಲುಪಿಸಬೇಕಂತೆ. ಅವನದೇ ಟೆಂಪೋ ಇದೆ, ಅದರಲ್ಲಿ ಇಂಥ ಸ್ಟೂಲ್ ಇಪ್ಪತ್ತು ಹಿಡಿಯುತ್ತವೆ. ಕೇಳಿದರೆ "ಬಾ ಅಂದ್ರೆ ಬಾರೋ" ಎಂದು ಫೋನ್ ಇಟ್ಟ.

ಮಾರ್ಚ್ 5, ಬುಧವಾರ

ಏನು ಬರೆಯಲಿ. ಬರೆಯದೆ ಇರಲೂ ಆಗುತ್ತಿಲ್ಲ.

ಸ್ಟೂಲನ್ನು ಹಿಂದಿನ ಸೀಟಿನಲ್ಲಿಟ್ಟು ಅಣ್ಣ ಪಕ್ಕದಲ್ಲಿ ಕುಳಿತ. ಎಲ್ಲಿಗೆ ಎಂದರೆ "ನೇರ ಹೋಗು" ಎಂದ. ಸೇತುವೆ ದಾಟಿದೆವು. ಗೋದಾಮುಗಳ ಸಾಲು ದಾಟಿದೆವು. ಬಾಯಿ ಬಿಡಲಿಲ್ಲ. ಮೊದಲಿನಿಂದಲೂ ಹಾಗೇ. ದಿನವಿಡೀ ಮರ ಅಳೆದು ಕೊಯ್ಯುವವನು, ಮಾತನ್ನೂ ಅಳೆದೇ ಕೊಡುತ್ತಾನೆ. ಸಿಗ್ನಲ್ಲಿನಲ್ಲಿ ನಿಂತಾಗ ಎದುರಿನ ಕೆಂಪು ದೀಪ ನೋಡುತ್ತಾ ಶುರು ಮಾಡಿದ.

"ಏಳು ವರ್ಷದ ಹಿಂದೆ ನಂಗೆ ಆಪರೇಷನ್ ಆಯ್ತಲ್ಲ. ಹರ್ನಿಯಾ ಅಂತ."

"ಹೂಂ."

"ಅದು ಹರ್ನಿಯಾ ಅಲ್ಲ ಕಣೋ. ಕರುಳಿಂದು. ಆ... ಅದೇ ಆಗಿತ್ತು."

ಯಾವುದು 'ಅದೇ' ಎಂದು ಕೇಳುವ ಅಗತ್ಯ ಬೀಳಲಿಲ್ಲ. ಹಸಿರು ಬಿತ್ತು. ಹಿಂದಿನವರು ಹಾರ್ನ್ ಹೊಡೆದರು. ಇಷ್ಟು ವರ್ಷದಿಂದ ಊರಿಗೆಲ್ಲ ಕಲಿಸುವವನು, ಗಾಡಿ ಆಫ್ ಮಾಡಿಕೊಂಡು ನಡುರಸ್ತೆಯಲ್ಲಿ ನಿಂತೆ.

ಬದಿಗೆ ಹಾಕಿದ ಮೇಲೆ ಎಲ್ಲ ಹೇಳಿದ. ಬೇಗ ಸಿಕ್ಕಿತ್ತು. ಆ ಭಾಗ ಕತ್ತರಿಸಿ ತೆಗೆದರು. ವರ್ಷಕ್ಕೊಮ್ಮೆ ನೋಡುತ್ತಾರೆ, ಇವತ್ತಿನವರೆಗೂ ಏನೂ ಇಲ್ಲ. ಅತ್ತಿಗೆಗೆ ಮಾತ್ರ ಗೊತ್ತು. ನಾವು ಹಣ್ಣು ಹಿಡಿದುಕೊಂಡು ಹೋಗಿ, ಬೀರು ಎತ್ತಬೇಡ ಅಂದರೆ ಕೇಳಿದೆಯಾ ಎಂದು ತಮಾಷೆ ಮಾಡಿ ಬಂದಿದ್ದೆವು. ಅವನೂ ಹೊಲಿಗೆ ಹಿಡಿದುಕೊಂಡು ನಕ್ಕಿದ್ದ.

"ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಯಾವ ಜಾಗದ್ದು ಅಂತ ಕೇಳ್ತಾರೆ. ಆಮೇಲೆ ಮನೆಗೆ ಬಂದು, ನಾನು ಎದುರಿಗೇ ಕೂತಿದ್ರೂ, ಒಳ್ಳೆ ಮನುಷ್ಯ ಆಗಿದ್ದ ಅಂತ ಮಾತಾಡ್ತಾರೆ."

ಈಗ ಹೇಳಿದ್ದು ಡಾಕ್ಟರ ದೆಸೆಯಿಂದ. ಒಡಹುಟ್ಟಿದವರಲ್ಲಿ ಒಬ್ಬರಿಗಿದ್ದರೆ ಉಳಿದವರು ನಲವತ್ತರಿಂದಲೇ ಪರೀಕ್ಷೆ ಮಾಡಿಸಿಕೊಳ್ಳಬೇಕಂತೆ. ತಮ್ಮ ತಂಗಿ ಮಾಡಿಸಿಕೊಂಡರಾ ಎಂದು ಪ್ರತಿವರ್ಷ ಕೇಳುತ್ತಿದ್ದರಂತೆ. ಇವನು ಪ್ರತಿವರ್ಷ ಹೂಂ ಎನ್ನುತ್ತಿದ್ದ. ಈ ಸಲ ಹೊಸಬಳು ಬಂದಿದ್ದಾಳೆ. "ನಮ್ಮನೆ ಮಗು ವಯಸ್ಸು ಕಣೋ. ಹಾಗಾದ್ರೆ ಅವರ ರಿಪೋರ್ಟ್ ತನ್ನಿ, ನೋಡೋಣ ಅಂದ್ಲು. ನಾನೆಲ್ಲಿಂದ ತರಲಿ?"

ನನಗೆ ಐವತ್ತೆರಡು. ತಂಗಿ ಪುಟ್ಟಿಗೆ ನಲವತ್ತೇಳು.

ಸಿಟ್ಟು ಬಂತು. ಆಮೇಲೆ ಅವನ ಕೈ ನೋಡಿದೆ. ಜೇಬಿನ ಅಳತೆ ಟೇಪನ್ನು ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು. ಸಿಟ್ಟು ಇಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಧ ಇಳಿಯಿತು.

ಪುಟ್ಟಿಗೆ ಯಾವಾಗ ಎಂದೆ. "ಅವಳಿಗೆ ನಾನೇ ಹೇಳ್ತೀನಿ. ನೀನು ಬಾಯಿ ಬಿಡಬೇಡ." ಮಾತು ಕೊಟ್ಟೆ. ಕೊಡಬಾರದಿತ್ತೇನೋ.

ಅವನನ್ನು ವರ್ಕ್‌ಶಾಪಿಗೆ ಬಿಡುವಾಗ ಸ್ಟೂಲ್ ಯಾರಿಗೆ ಎಂದು ಕೇಳಿದೆ. "ನಿಂಗೇ. ಮನೇಲಿಟ್ಕೋ" ಎಂದು ಹೋದ. ತೇಗದ್ದು. ಒಂದು ಮೊಳೆಯೂ ಇಲ್ಲ.

ಮಾರ್ಚ್ 6, ಗುರುವಾರ

ಇವಳಿಗೆ ಹೇಳಿದೆ. ಹೆಂಡತಿಗೂ ಹೇಳಬೇಡ ಎಂದು ಅಣ್ಣ ಅಂದಿರಲಿಲ್ಲ. ಅಂದಿದ್ದರೂ ಮುಖ ನೋಡಿಯೇ ಹಿಡಿಯುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನಕ್ಕೆ ಕೆಳಗಿನ ಸಾಲು ಓದಿಸುವವಳು.

ಅತ್ತುಬಿಡುತ್ತಾಳೆ ಅಂದುಕೊಂಡಿದ್ದೆ. ಫೋನ್ ತೆಗೆದು ಆಸ್ಪತ್ರೆಗೆ ಮಾಡಿ ನನ್ನ ಹೆಸರು ಬರೆಸಿದಳು. ಆಮೇಲೆ ಅತ್ತಳು.

"ಭಯ ಆಗ್ತಿದೆಯಾ?"

"ಇಲ್ಲ."

"ಸುಳ್ಳು."

"ಹೂಂ."

ಮಾರ್ಚ್ 16, ಭಾನುವಾರ

ಪುಟ್ಟಿಯ ಮನೆಯಲ್ಲಿ ಊಟ. ಅಣ್ಣ ಇವತ್ತು ಹೇಳುತ್ತೇನೆ ಎಂದಿದ್ದ. ಊಟವಾಯಿತು. ಕಾಫಿಯಾಯಿತು. ನಾನು ಕಣ್ಣು ಸನ್ನೆ ಮಾಡಿದೆ. ಅಣ್ಣ ಎದ್ದ, ಪುಟ್ಟಿಯ ಹತ್ತಿರ ಹೋದ, ಗಂಟಲು ಸರಿ ಮಾಡಿಕೊಂಡ.

"ಪುಟ್ಟಿ, ನಿನ್ನ ಬಾತ್‌ರೂಮಿನ ಬಾಗಿಲು ನೆಲಕ್ಕೆ ತಾಗ್ತಿದೆ."

ಟೆಂಪೋದಿಂದ ಉಪಕರಣದ ಪೆಟ್ಟಿಗೆ ತಂದು, ಬಾಗಿಲು ಕಳಚಿ, ತಳ ಉಜ್ಜಿ, ಮತ್ತೆ ಕೂರಿಸಿ ಮನೆಗೆ ಹೋದ.

ಪುಟ್ಟಿ ಶಾಲೆಯಲ್ಲಿ ಪಿ.ಟಿ. ಟೀಚರು. ಮನೆಯಲ್ಲೂ ಕೊರಳಲ್ಲಿ ಸೀಟಿ. ಅವಳ ದನಿಗೆ ಮೈದಾನದ ಆ ತುದಿಯ ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಇವತ್ತು ತಾರಸಿಗೆ ಬಟ್ಟೆ ತರಲು ಹೋದವಳು ಮೆಟ್ಟಿಲ ಮಧ್ಯೆ ಕೂತಿದ್ದಳು. ಏನೇ ಅಂದೆ. "ಸುಸ್ತು ಸಣ್ಣಣ್ಣ. ರಕ್ತ ಕಡಿಮೆಯಂತೆ, ಮಾತ್ರೆ ಕೊಟ್ಟಿದ್ದಾರೆ. ವಯಸ್ಸಾಯ್ತಲ್ಲ." ನಕ್ಕಳು. ತುಟಿ ಬಿಳಚಿತ್ತು.

ಕೊಟ್ಟ ಮಾತು ನೆನೆದು, ತಾರಸಿಗೆ ಹೋಗಿ ಬಟ್ಟೆ ನಾನೇ ತಂದುಕೊಟ್ಟೆ.

ಮಾರ್ಚ್ 30, ಭಾನುವಾರ

ಅಣ್ಣ ಒಬ್ಬನೇ ಹೋಗಿದ್ದ, ಹೇಳಲೇಬೇಕೆಂದು. ಸಂಜೆ ಫೋನ್ ಮಾಡಿದೆ. ಹೇಳಿದೆಯಾ?

"ಅಡುಗೆಮನೆ ಬಾಗಿಲಿಗೆ ಹೊಸ ಕೀಲು ಹಾಕ್ದೆ. ಮುಂಬಾಗಿಲ ಚಿಲಕವೂ ಸಡಿಲ ಇತ್ತು."

ಏಪ್ರಿಲ್ 3, ಗುರುವಾರ

ನನ್ನ ಸರದಿ. ಡಾಕ್ಟರ್ ನಿಜಕ್ಕೂ ಚಿಕ್ಕವಳು. ಆದರೆ ಎದುರಿಗೆ ಕೂತರೆ ನಾವೇ ಚಿಕ್ಕವರಾಗುತ್ತೇವೆ. ಹಿಂದಿನಿಂದ ಸಣ್ಣ ಕ್ಯಾಮೆರಾ ಕಳಿಸಿ ಕರುಳು ಪೂರ್ತಿ ನೋಡುತ್ತಾರೆ. ಮಂಪರಿಗೆ ಔಷಧಿ ಕೊಡುತ್ತಾರೆ, ಗೊತ್ತೇ ಆಗುವುದಿಲ್ಲ. ಗಂಟು ಸಿಕ್ಕರೆ ಅಲ್ಲೇ ತೆಗೆಯುತ್ತಾರೆ. ಗಂಟು ಕೆಡಲು ವರ್ಷಗಟ್ಟಲೆ ಹಿಡಿಯುತ್ತದೆ, ಅದಕ್ಕೆ ಮೊದಲೇ ಹಿಡಿದರೆ ಮುಗಿಯಿತು. ಇಷ್ಟೇನಾ ಎಂದೆ. ಇಷ್ಟೇ ಎಂದಳು. ಇಷ್ಟಕ್ಕೆ ತಿಂಗಳು ನಿದ್ದೆಗೆಟ್ಟಿದ್ದೆ.

"ನಿಮ್ಮ ತಂಗಿ?"

ಅಣ್ಣ ಹೇಳುತ್ತಾನೆ ಎಂದೆ. ಸುಮ್ಮನಿರಲಾರದೆ ಸುಸ್ತು, ಕಡಿಮೆ ರಕ್ತ, ಮಾತ್ರೆ — ಅದನ್ನೂ ಹೇಳಿದೆ. ಬರೆಯುತ್ತಿದ್ದವಳು ಪೆನ್ನು ನಿಲ್ಲಿಸಿದಳು.

"ಅವರನ್ನ ಬೇಗ ಕರ್ಕೊಂಡು ಬನ್ನಿ. ಏನೂ ಇಲ್ಲದೇ ಇರಬಹುದು. ಆದ್ರೆ ಬೇಗ."

ಹೊರಗೆ ಬಂದು ಅಲ್ಲೇ ನಿಂತು ಅಣ್ಣನಿಗೆ ಹೇಳಿದೆ. ಆ ಕಡೆ ಗರಗಸದ ಸದ್ದು ನಿಂತಿತು. "ಈ ಭಾನುವಾರ" ಎಂದ.

ಏಪ್ರಿಲ್ 6, ಭಾನುವಾರ

ಪುಟ್ಟಿಯೇ ಫೋನ್ ಮಾಡಿದಳು.

"ಸಣ್ಣಣ್ಣ, ದೊಡ್ಡಣ್ಣಂಗೆ ವರ್ಕ್‌ಶಾಪಲ್ಲಿ ಕೆಲಸ ಕಡಿಮೆ ಆಗಿದೆಯಾ? ಇವತ್ತು ಬೆಡ್‌ರೂಮಿನ ಬಾಗಿಲು ಸರಿ ಮಾಡಿದ. ಅದು ಕೆಟ್ಟೇ ಇರಲಿಲ್ಲ."

ಏಪ್ರಿಲ್ 10, ಗುರುವಾರ. ರಾತ್ರಿ

ಇವತ್ತಿನದನ್ನು ಬರೆದಿಡಬೇಕು. ಮರ್ಯಾದೆ ಹೋದರೂ ಪರವಾಗಿಲ್ಲ, ಓದುವವರು ಯಾರೂ ಇಲ್ಲ.

ನಾಳೆ ಪರೀಕ್ಷೆ. ಇವತ್ತು ಬರೀ ನೀರು, ತೆಳು ಸೂಪು. ಸಂಜೆ ಐದಕ್ಕೆ ಔಷಧಿ — ಪುಡಿ, ಎರಡು ಲೀಟರ್ ನೀರಿಗೆ. ಕುಡಿದಾದ ಮೇಲೆ ಮನೆಯಲ್ಲೇ ಇರಿ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಆದರೆ ನಾಳಿದ್ದು ಬೇಕರಿಯಮ್ಮನ ಲೈಸೆನ್ಸ್ ಟೆಸ್ಟ್. ಕೊನೆಯ ಪಾಠ ಐದೂವರೆಗೆ. ಔಷಧಿ ಹಿಡಿಯಲು ಮೂರು ಗಂಟೆ ಬೇಕು ಎಂದು ಪಕ್ಕದ ಮನೆಯವರು ಬೇರೆ ಹೇಳಿದ್ದರು. ಒಂದು ಗಂಟೆಯ ಪಾಠ, ಏನಾಗುತ್ತದೆ? ಅರ್ಧ ಕುಡಿದು ಹೊರಟೆ. ಇವಳು ಅಂಗಡಿಯಿಂದ ಬಂದಿರಲಿಲ್ಲ. ಬಂದಿದ್ದರೆ ಚಪ್ಪಲಿ ಮುಚ್ಚಿಡುತ್ತಿದ್ದಳು.

ರಿಂಗ್ ರೋಡಿನಲ್ಲಿ ಹೊಟ್ಟೆ ಮೊದಲ ಸಲ ಮಾತಾಡಿತು. ಬೇಕರಿಯಮ್ಮ ಸಭ್ಯರು, ಕೇಳಿಸದಂತೆ ಇದ್ದರು. ಎರಡನೇ ಸಲ ಎಂಜಿನ್ ಸದ್ದಿಗಿಂತ ಜೋರಾಗಿತ್ತು.

"ಮಾಸ್ಟ್ರೇ, ಬೆವರ್ತಾ ಇದ್ದೀರಿ."

"ಅಮ್ಮ, ಗಾಡಿ ತಿರುಗಿಸಿ. ಮನೆ ಕಡೆ."

"ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ತಲೆ ತಿರುಗಿಸಿ..." ಒಂದೊಂದನ್ನೂ ಬಾಯಲ್ಲಿ ಹೇಳುತ್ತಾ ಮಾಡತೊಡಗಿದರು. ನಾನೇ ಕಲಿಸಿದ್ದು. ಯಾಕಾದರೂ ಕಲಿಸಿದೆನೋ.

"ಅಮ್ಮ, ಸ್ವಲ್ಪ ಬೇಗ."

"ಮೂರರಲ್ಲಿದೆ ಮಾಸ್ಟ್ರೇ."

"ನಾಲ್ಕಕ್ಕೆ ಹಾಕಿ ತಾಯಿ. ನಿಮ್ಮ ಕಾಲು ಹಿಡೀತೀನಿ. ನಾಳೆ ಪರೀಕ್ಷೆಗೆ ಔಷಧಿ ಕುಡಿದುಬಿಟ್ಟಿದ್ದೀನಿ, ಹೊಟ್ಟೆ ತೊಳೆಯೋದು."

ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ರಸ್ತೆ ನೋಡಿದರು. ನಾಲ್ಕಕ್ಕೆ ಹಾಕಿದರು. ಐದಕ್ಕೂ ಹಾಕಿದರು. ಎರಡು ಬಸ್ಸು, ಒಂದು ಟ್ಯಾಂಕರ್ ಹಿಂದೆ ಬಿದ್ದವು. ಬ್ರೇಕ್ ನನ್ನ ಕಾಲ ಕೆಳಗೂ ಇತ್ತು, ಒತ್ತುವ ಧೈರ್ಯವಾಗಲಿಲ್ಲ. ಕಾಲು ಅಲುಗಿಸಿದರೆ ಕತೆ ಮುಗಿಯುತ್ತಿತ್ತು.

ನಮ್ಮ ಮನೆ ದೂರ, ಬೇಕರಿ ಹತ್ತಿರ. ಅಂಗಡಿ ಮುಂದೆ ಕೀಕ್ ಎಂದು ನಿಲ್ಲಿಸಿ, ಕೌಂಟರಿನವರಿಗೆ "ದಾರಿ ಬಿಡ್ರೋ" ಎಂದು ಕೂಗಿದರು. ಬನ್ ಕೊಳ್ಳಲು ನಿಂತವರು ಎರಡು ಸಾಲಾದರು. ನಡುವೆ ನಾನು ಓಡಿದೆ.

ಬೇಕರಿಯ ಹಿಂದಿನ ಟಾಯ್ಲೆಟ್ಟಿನಲ್ಲಿ ಒಂದೂವರೆ ಗಂಟೆ. ಗೋಡೆಯ ಆಚೆ ಒಲೆ, ಬ್ರೆಡ್ಡಿನ ಘಮ. ಬೆಳಗ್ಗಿನಿಂದ ಉಪವಾಸ ಇದ್ದವನಿಗೆ ಅದಕ್ಕಿಂತ ಶಿಕ್ಷೆ ಬೇಕೆ.

ಹೊರಗೆ ಬಂದಾಗ ಹಿಟ್ಟಿನ ಮೂಟೆಗಳ ಪಕ್ಕದಲ್ಲಿ ಕುರ್ಚಿ ಹಾಕಿಟ್ಟಿದ್ದರು. ಬೆಚ್ಚಗಿನ ನೀರು ಕೊಟ್ಟು ಎದುರಿಗೆ ಕೂತರು. ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ.

"ಯಾವ ಪರೀಕ್ಷೆ ಮಾಸ್ಟ್ರೇ? ಕರುಳಿನ ಕ್ಯಾನ್ಸರಿಂದಾ?"

ಎಷ್ಟು ಸಲೀಸಾಗಿ ಅಂದರು. ಸಕ್ಕರೆ ಬೇಕಾ ಎಂದು ಕೇಳುವಷ್ಟು ಸಲೀಸಾಗಿ. ಹೂಂ ಎಂದೆ. ಅಣ್ಣನದನ್ನೂ ಹೇಳಿಬಿಟ್ಟೆ. ಇನ್ನು ಮುಚ್ಚಿಡುವುದು ಏನು ಉಳಿದಿತ್ತು?

"ನಮ್ಮ ಯಜಮಾನ್ರಿಗೆ ಅದೇ ಆಗಿತ್ತು. ರಕ್ತ ಹೋಗ್ತಿತ್ತಂತೆ, ಒಂದು ವರ್ಷ. ಮೂಲವ್ಯಾಧಿ ಅಂದ್ಕೊಂಡು ಸುಮ್ಮನಿದ್ರು. ನಂಗೆ ಹೇಳ್ಲಿಲ್ಲ. ಗೊತ್ತಾಗೋ ಹೊತ್ತಿಗೆ ಕೈಮೀರಿತ್ತು. ಇದೇ ಟಾಯ್ಲೆಟ್ ಮಾಸ್ಟ್ರೇ, ನಾನು ಇದೇ ಒಲೆ ಮುಂದೆ. ನಡುವೆ ಒಂದು ಗೋಡೆ."

ಕೌಂಟರಿನಲ್ಲಿ ಯಾರೋ ರಸ್ಕ್ ಕೇಳಿದರು. ಎದ್ದು ಹೋಗಿ ಕೊಟ್ಟು ಬಂದು ಮತ್ತೆ ಕೂತರು.

"ಅವಾಗಿಂದ ನಾನು ತಪ್ಪದೆ ಟೆಸ್ಟ್ ಮಾಡಿಸ್ತೀನಿ. ಬರೋರಿಗೆಲ್ಲ ಹೇಳ್ತೀನಿ ಕೂಡ, ಬ್ರೆಡ್ ಕಟ್ಟುವಾಗ. ಕೆಲವರು ಮುಖ ಸಿಂಡರಿಸ್ತಾರೆ. ಹೋಗ್ಲಿ. ನಿಮ್ಮ ಅಣ್ಣ ನಿಮಗೆ ಹೇಳಿದ್ರಲ್ಲ, ಅಷ್ಟು ಬಾಯಿ ನಮ್ಮವರಿಗೆ ಇರ್ಲಿಲ್ಲ."

ಕೈ ಮುಗಿದೆ. ಕಾರು ಅವರೇ ಓಡಿಸಿ ಮನೆಗೆ ಬಿಟ್ಟರು, ಪೂರ್ತಿ ನಾಲ್ಕನೇ ಗೇರಿನಲ್ಲಿ.

ಉಳಿದ ಒಂದು ಲೀಟರ್ ಈಗ ಕುಡಿಯುತ್ತಿದ್ದೇನೆ. ಇವಳು ಇನ್ನೂ ನಗುತ್ತಿದ್ದಾಳೆ. ಒಳಗೆ ಹೋಗಿ ನಕ್ಕು ಬಂದು, ಮತ್ತೆ ನಗುತ್ತಾಳೆ.

ಏಪ್ರಿಲ್ 11, ಶುಕ್ರವಾರ

ಮುಗಿಯಿತು. ಏನೂ ಗೊತ್ತಾಗಲಿಲ್ಲ. ಎಷ್ಟೋ ವರ್ಷದಿಂದ ಇಷ್ಟು ಒಳ್ಳೆಯ ನಿದ್ದೆ ಬಂದಿರಲಿಲ್ಲ. ಎರಡು ಗಂಟು ಸಿಕ್ಕಿದವು, ತೆಗೆದರು. ನೋಡಲು ಕೆಟ್ಟದ್ದೇನೂ ಕಾಣುವುದಿಲ್ಲ, ಲ್ಯಾಬಿಗೆ ಕಳಿಸುತ್ತೇವೆ ಎಂದಳು ಡಾಕ್ಟರ್. ಹಾಗೇ ಬಿಟ್ಟಿದ್ದರೆ ಎಂದೆ. "ಯಾಕೆ ಬಿಡಬೇಕು? ತೆಗೆದಾಯ್ತಲ್ಲ" ಎಂದಳು.

ಅಣ್ಣ ಹೊರಗೆ ಬೆಂಚಿನ ಮೇಲೆ ಇವಳ ಪಕ್ಕ ಕೂತಿದ್ದ. ಬರುತ್ತೇನೆಂದು ಹೇಳಿರಲೇ ಇಲ್ಲ. ನನ್ನನ್ನು ಕಂಡು ಎದ್ದ, ಮತ್ತೆ ಕೂತ. ಎರಡು ಗಂಟು ಎಂದೆ. ಅವನ ಕಣ್ಣು ತುಂಬಿತು. ನಾನು ಅವನ ಹೆಗಲ ಮೇಲೆ ಕೈ ಹಾಕಿದೆ. ಉಳಿದಿದ್ದ ಅರ್ಧ ಸಿಟ್ಟು ಅಲ್ಲೇ ಹೋಯಿತು. ನೀನು ಹೇಳಿದ್ದರಿಂದ ಬದುಕಿದೆ ಅಣ್ಣ ಎಂದು ಬಾಯಿಬಿಟ್ಟೇ ಹೇಳಿದೆ. ಇಂಥವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ.

ಆಮೇಲೆ ಇನ್ನೊಂದನ್ನೂ ಹೇಳಿದೆ. ಭಾನುವಾರ ಸಂಜೆಯೊಳಗೆ ಪುಟ್ಟಿಗೆ ನೀನು ಹೇಳದಿದ್ದರೆ ಸೋಮವಾರ ನಾನು ಹೇಳುತ್ತೇನೆ. ಕೊಟ್ಟ ಮಾತು ಮುರಿದರೆ ಮುರಿಯಲಿ.

ಏಪ್ರಿಲ್ 13, ಭಾನುವಾರ

ಮಧ್ಯಾಹ್ನ ಪುಟ್ಟಿಯ ಮನೆ. ಅಣ್ಣ ಟೆಂಪೋದಿಂದ ಇಳಿಯುವಾಗಲೇ ಉಪಕರಣದ ಪೆಟ್ಟಿಗೆ ಕಿತ್ತುಕೊಂಡು ನನ್ನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ಇವಳ ಹತ್ತಿರ.

ಒಳಗೆ ಬಂದ. ಬರಿಗೈ. ಯಾವ ಬಾಗಿಲ ಹತ್ತಿರ ನಿಂತರೂ ಅವನೇ ಸರಿ ಮಾಡಿದ್ದು. ಮುಟ್ಟಿ ನೋಡಿದ, ಅಲ್ಲಾಡಿಸಿ ನೋಡಿದ. ಒಂದೂ ಕಿರುಗುಟ್ಟಲಿಲ್ಲ.

"ಏನು ದೊಡ್ಡಣ್ಣ, ಕಿಟಕಿ ಉಳಿದಿದೆ, ಅದನ್ನೂ ನೋಡ್ತೀಯಾ?" ಎಂದಳು ಪುಟ್ಟಿ.

"ಪುಟ್ಟಿ, ಕೂತ್ಕೋ."

ನಿಂತುಕೊಂಡೇ ಹೇಳಿದ. ಚೆನ್ನಾಗಿ ಹೇಳಲಿಲ್ಲ. ಹಿಂದಿನದು ಮುಂದೆ, ಮುಂದಿನದು ಹಿಂದೆ. 'ಅದು' 'ಅದು' ಎಂದೇ ಹೇಳಿದ. ಆದರೆ ಪೂರ್ತಿ ಹೇಳಿದ. ಡಾಕ್ಟರಿಗೆ ಪ್ರತಿವರ್ಷ ಸುಳ್ಳು ಹೂಂ ಅಂದದ್ದನ್ನೂ ಬಿಡಲಿಲ್ಲ.

ಕಿರುಚುತ್ತಾಳೆ ಅಂದುಕೊಂಡೆವು. ಅವಳ ದನಿಯೇ ಅಂಥದ್ದು. ತಣ್ಣಗೆ ಕೇಳಿದಳು.

"ಏಳು ವರ್ಷ ಅಂದ್ರೆ ನಂಗಾಗ ನಲವತ್ತು. ಅಲ್ವಾ?"

ಅಣ್ಣ ತಲೆಯಾಡಿಸಿದ.

"ಸಣ್ಣಣ್ಣ, ನಿಂಗೆ ಯಾವಾಗ ಗೊತ್ತಾಯ್ತು?"

ಹೋದ ತಿಂಗಳು ಎಂದೆ. ಎದ್ದು ಬೆಡ್‌ರೂಮಿಗೆ ಹೋಗಿ ಬಾಗಿಲು ದಡಾರನೆ ತಳ್ಳಿದಳು. ಸದ್ದೇ ಆಗದೆ ಸರಿಯಾಗಿ ಮುಚ್ಚಿಕೊಂಡಿತು. ಅಣ್ಣನ ಕೆಲಸ ಅಷ್ಟು ಚೆನ್ನಾಗಿತ್ತು. ನಾವಿಬ್ಬರೂ ಅದನ್ನೇ ನೋಡುತ್ತಾ ನಿಂತೆವು.

ಏಪ್ರಿಲ್ 15, ಮಂಗಳವಾರ

ಬೇಕರಿಯಮ್ಮ ಶನಿವಾರದ ಟೆಸ್ಟಿನಲ್ಲಿ ಪಾಸು. ಗೇರ್ ಬಹಳ ಚೆನ್ನಾಗಿ ಬದಲಾಯಿಸುತ್ತೀರಿ ಎಂದು ಇನ್‌ಸ್ಪೆಕ್ಟರು ಮೆಚ್ಚಿದರಂತೆ. ನನಗೆ ಒಂದು ದೊಡ್ಡ ಬ್ರೆಡ್ಡು ಕಳಿಸಿದ್ದಾರೆ.

ಪುಟ್ಟಿ ಫೋನ್ ಎತ್ತುತ್ತಿಲ್ಲ.

ಏಪ್ರಿಲ್ 22, ಮಂಗಳವಾರ

ಲ್ಯಾಬ್ ರಿಪೋರ್ಟ್ ಬಂತು. ನನ್ನ ಎರಡೂ ಗಂಟಿನಲ್ಲಿ ಕೆಟ್ಟದ್ದೇನೂ ಇಲ್ಲ. ಮೂರು ವರ್ಷಕ್ಕೆ ಮತ್ತೆ ನೋಡೋಣ ಎಂದರು. ಇವಳ ಕೈ ಹಿಡಿದುಕೊಂಡು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಟೀ ಕುಡಿದೆ. ಬಿಸಿಲು ಚೆನ್ನಾಗಿತ್ತು. ಬದುಕಿನ ಮೇಲೆ ಇಷ್ಟು ಆಸೆ ಇದೆ ಎಂದು ಗೊತ್ತೇ ಇರಲಿಲ್ಲ.

ಪುಟ್ಟಿಗೆ ಮೆಸೇಜ್ ಮಾಡಿದೆ. ಓದಿದ್ದಾಳೆ. ಉತ್ತರವಿಲ್ಲ. ಪರೀಕ್ಷೆಗೆ ಹೋದಳೋ ಇಲ್ಲವೋ, ಅವಳ ಗಂಡನೂ ಹೇಳುತ್ತಿಲ್ಲ. "ನನ್ನ ಮೇಲೂ ಮುಖ ಗಂಟಿಕ್ಕಿದ್ದಾಳೆ, ನಾನೇನು ಮಾಡಿದ್ದೆ?" ಎನ್ನುತ್ತಾನೆ ಪಾಪ.

ಮೇ 9, ಶುಕ್ರವಾರ

ಪಾಠದ ಮಧ್ಯೆ ಫೋನು. ಪುಟ್ಟಿ. ಕ್ಯಾಷಿಯರನಿಗೆ ಬದಿಗೆ ನಿಲ್ಲಿಸು ಎಂದೆ. ಮೊದಲ ಸಲ ಒಂದೇ ಏಟಿಗೆ ಸರಿಯಾಗಿ ನಿಲ್ಲಿಸಿದ.

"ಸೋಮವಾರ ನಂದು ಕ್ಯಾಮೆರಾ ಪರೀಕ್ಷೆ. ದೊಡ್ಡಣ್ಣಂಗೆ ಹೇಳು, ಬೆಳಿಗ್ಗೆ ಏಳಕ್ಕೆ ಬರ್ಲಿ. ನಂಗಿನ್ನೂ ಸಿಟ್ಟಿದೆ ಅಂತಲೂ ಹೇಳು."

ಅಣ್ಣನಿಗೆ ಎರಡೂ ಹೇಳಿದೆ. ಕೊನೆಯದನ್ನು ಕೇಳಿ ಸಮಾಧಾನಪಟ್ಟ. ಸಿಟ್ಟಿದ್ದರೆ ನಮ್ಮ ಪುಟ್ಟಿಯೇ ಎಂದ.

ಮೇ 12, ಸೋಮವಾರ

ಸಿಕ್ಕಿದೆ. ಗಂಟಲ್ಲ, ಅದಕ್ಕಿಂತ ಮುಂದಿನದು. ತುಣುಕು ತೆಗೆದು ಕಳಿಸಿದ್ದಾರೆ.

ಇವತ್ತು ಬೇರೇನೂ ಬರೆಯಲಾರೆ.

ಮೇ 20, ಮಂಗಳವಾರ

ಹೌದು. ಕ್ಯಾನ್ಸರ್. ಸ್ಕ್ಯಾನಿನಲ್ಲಿ ಬೇರೆಲ್ಲೂ ಇಲ್ಲ. ಆಪರೇಷನ್ ಸಾಕಾಗಬಹುದು ಎಂದರು. ಆಪರೇಷನ್ ಆದ ಮೇಲೆಯೇ ಖಚಿತ.

ಡಾಕ್ಟರ ಕೋಣೆಯಿಂದ ಬಂದು ಪುಟ್ಟಿ ಕಾರಿಡಾರಿನಲ್ಲಿ ನಿಂತಳು. ಅಣ್ಣ ಗೋಡೆಗೆ ಒರಗಿ ಕುಸಿದು ಕೂತುಬಿಟ್ಟ. "ಎಲ್ಲಾ ನನ್ನಿಂದ. ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ."

ಪುಟ್ಟಿ ಅವನ ಪಕ್ಕ ನೆಲದ ಮೇಲೆ ಕೂತಳು. ನರ್ಸ್ ಏಳಿ ಎಂದರೂ ಏಳಲಿಲ್ಲ.

"ಮುಚ್ಕೊಂಡಿದ್ದೆ, ನಿಜ. ಅದಕ್ಕೆ ನಿಂಗೆ ಜನ್ಮಪೂರ್ತಿ ಬೈತೀನಿ, ಅದಕ್ಕಾದ್ರೂ ನಾನು ಇರಬೇಕಲ್ಲ. ಆದ್ರೆ ಈ ವರ್ಷ ಬಾಯಿ ಬಿಟ್ಟೆಯಲ್ಲ ದೊಡ್ಡಣ್ಣ. ಇನ್ನೊಂದು ವರ್ಷ ಬಿಟ್ಟು ಬಂದಿದ್ರೆ ಬೇರೆ ಕತೆ ಅಂದ್ರು ಒಳಗೆ. ನೀನೂ ಕೇಳಿಸ್ಕೊಂಡೆ."

ಇಬ್ಬರೂ ಅಳುತ್ತಿದ್ದರು. ನಾನು ನಿಂತುಕೊಂಡು ಅಳುತ್ತಿದ್ದೆ. ಅತ್ತಿಗೆ ಬ್ಯಾಗಿನಿಂದ ಕರವಸ್ತ್ರ ತೆಗೆದು ಮೂವರಿಗೂ ಒಂದನ್ನೇ ಕೊಟ್ಟರು.

ಜೂನ್ 4, ಬುಧವಾರ

ಆಪರೇಷನ್. ಬೆಳಗ್ಗೆ ಒಳಗೆ ಕರೆದುಕೊಂಡು ಹೋದರು, ಮಧ್ಯಾಹ್ನದ ಮೇಲೆ ಹೊರಗೆ. ಚೆನ್ನಾಗಿ ಆಯಿತು ಎಂದರು ಸರ್ಜನ್. ಅವರಿಗೆ ನಮಸ್ಕಾರ, ಮಂಪರು ಕೊಟ್ಟವರಿಗೆ ನಮಸ್ಕಾರ, ಸ್ಟ್ರೆಚರ್ ತಳ್ಳಿದವನಿಗೂ ನಮಸ್ಕಾರ. ಅವನು ಗಾಬರಿಯಾಗಿ ತಿರುಗಿ ನಮಸ್ಕರಿಸಿದ.

ಪುಟ್ಟಿ ಕಣ್ಣು ಬಿಟ್ಟು ಮೊದಲು ಕೇಳಿದ್ದು ಶಾಲೆಯ ರಿಲೇ ತಂಡದ ವಿಚಾರ.

ಜೂನ್ 14, ಶನಿವಾರ

ರಿಪೋರ್ಟ್. ಪೂರ್ತಿ ತೆಗೆದಿದ್ದಾರೆ. ಹರಡಿಲ್ಲ. ಕೀಮೋ ಬೇಡ. ತಪ್ಪದೆ ನೋಡಿಸಿಕೊಳ್ಳುತ್ತಾ ಇರಬೇಕು, ಅಷ್ಟೇ.

ಮೂರು ಸಲ ಓದಿಸಿದೆ ಇವಳ ಕೈಲಿ. ಕೆಳಗಿನ ಸಾಲಿನವರೆಗೂ.

ಯಾರಿಗೆ ಕೃತಜ್ಞತೆ ಹೇಳಬೇಕೆಂದು ತಿಳಿಯದೆ ಬೇಕರಿಗೆ ಹೋದೆ. ಬೇಕರಿಯಮ್ಮ ವ್ಯಾನಿಗೆ ಟ್ರೇ ತುಂಬುತ್ತಿದ್ದರು. ವಿಷಯ ಹೇಳಿದೆ. ಹಿಟ್ಟಿನ ಕೈಯಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಒಲೆಯ ಆಚೆಯ ಗೋಡೆಯನ್ನು ನೋಡಿದರು. ನಾನೂ ನೋಡಿದೆ.

ಜೂನ್ 29, ಭಾನುವಾರ. ಸಂಜೆ

ಪುಟ್ಟಿಯ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ, ಟೀ ಕುದಿಯುವಷ್ಟರಲ್ಲಿ. ಹಾಲ್ ತುಂಬ ಜನ. ಶಾಲೆಯಿಂದ ಹೆಡ್‌ಮಾಸ್ಟರು, ಗಣಿತದ ಟೀಚರು, ಇನ್ನೂ ಐದಾರು ಮಂದಿ ಅವಳನ್ನು ನೋಡಲು ಬಂದಿದ್ದಾರೆ. ಹಣ್ಣು, ಬಿಸ್ಕತ್ತು. ಎಲ್ಲರೂ ಸೋಫಾದ ತುದಿಯಲ್ಲಿ ಕೂತಿದ್ದರು. ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಏನೋ ಹೊಟ್ಟೆ ಆಪರೇಷನ್ ಅಂತ ಕೇಳಿದ್ವಿ" ಎಂದರು ಹೆಡ್‌ಮಾಸ್ಟರು. "ಏನು, ಗ್ಯಾಸ್ಟ್ರಿಕ್ಕಾ?"

ಪುಟ್ಟಿ ಬಾಯಿ ತೆರೆದಳು. ಅವಳಿಗಿಂತ ಮೊದಲು ಅಣ್ಣ.

"ಕ್ಯಾನ್ಸರ್" ಎಂದ. "ಕರುಳಿಂದು. ಬೇಗ ಸಿಕ್ತು, ತೆಗೆದಾಯ್ತು. ನಂಗೂ ಆಗಿತ್ತು. ಏಳು ವರ್ಷ ಆಯ್ತು."

ಈ ಪದ ಅವನ ಬಾಯಲ್ಲಿ ನಾನು ಕೇಳಿದ್ದು ಇದೇ ಮೊದಲು. ಅತ್ತಿಗೆ ತಿರುಗಿ ಅವನನ್ನೇ ನೋಡಿದರು. ಗಣಿತದ ಟೀಚರು ಕಚ್ಚಿದ ಬಿಸ್ಕತ್ತನ್ನು ಜಗಿಯಲಿಲ್ಲ. ಆಮೇಲೆ ಹೆಡ್‌ಮಾಸ್ಟರು, ಟೀಪಾಯಿ ನೋಡುತ್ತಾ, ಬಹಳ ಮೆಲ್ಲಗೆ —

"ತಮ್ಮ ಹತ್ರ ಒಂದು ಕೇಳಬೇಕಿತ್ತು. ನಂಗೆ ಸ್ವಲ್ಪ ದಿನದಿಂದ... ಮನೇಲಿ ಯಾರಿಗೂ ಹೇಳಿಲ್ಲ."

ಅಣ್ಣ ತನ್ನ ಕುರ್ಚಿ ಎಳೆದುಕೊಂಡು ಅವರ ಹತ್ತಿರಕ್ಕೆ ಹೋಗಿ ಕೂತ. ನನ್ನ ಅಣ್ಣ. ಮಾತು ಅಳೆದು ಕೊಡುವವನು. "ಹೇಳಿ. ಎಷ್ಟು ದಿನದಿಂದ?" ಎಂದ.

ಕಣ್ಣು ತುಂಬಿಕೊಂಡಿತು, ಟೀ ಮಾಡುವ ನೆವದಲ್ಲಿ ಇಲ್ಲಿಗೆ ಬಂದೆ. ಇಲ್ಲಿಗೂ ಕೇಳಿಸುತ್ತಿದೆ. ಈಗ ಗಣಿತದ ಟೀಚರ ದನಿ, ತನ್ನ ಅಕ್ಕನದೇನೋ ಹೇಳುತ್ತಿದ್ದಾರೆ. ಈಗ ಮತ್ತೆ ಅಣ್ಣ, ಮುಚ್ಚುಮರೆ ಇಲ್ಲದೆ, ಆ ಜಾಗದ ಹೆಸರನ್ನೂ —

"ಸಣ್ಣಣ್ಣ, ಟೀ ಆಮೇಲೆ" ಎಂದು ಪುಟ್ಟಿ ಕೂಗುತ್ತಿದ್ದಾಳೆ, ಅದೇ ಮೈದಾನದ ದನಿ. "ಡಾಕ್ಟರ್ ನಂಬರ್ ತಗೊಂಡು ಬಾ. ಇಲ್ಲಿ ಇಬ್ಬರಿಗೆ ಬೇಕಂತೆ. ಇರು ಇರು, ಮೂವರಿಗೆ—"